ಸತ್ತವರ ವಂದನಾರ್ಪಣೆ

"ಇನ್ನೊಂದ್ಸಲ ಹೇಳಿ ಮೇಡಂ. ವಂದನಾರ್ಪಣೆ ಮಾಡಿದ್ದು ಯಾರು?"

ಇನ್ಸ್‌ಪೆಕ್ಟರ್ ದನಿ ಏರಿಸಲಿಲ್ಲ. ಸಭೆಯ ನಡಾವಳಿಯ ಮೂರನೇ ಹಾಳೆಯನ್ನು ಮೇಜಿನ ಮೇಲಿಟ್ಟು ಕೊನೆಯ ಸಾಲಿನ ಕೆಳಗೆ ಪೆನ್ಸಿಲಿನ ತುದಿಯನ್ನು ಮೆಲ್ಲಗೆ ಓಡಿಸಿದರು, ಅಷ್ಟೇ.

ಸಂಯೋಜಕಿ ಬಗ್ಗಿ ಓದಿದಳು. ಅವಳೇ ಟೈಪು ಮಾಡಿದ ಸಾಲು. 'ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರ ವಂದನಾರ್ಪಣೆಯೊಂದಿಗೆ ಸಭೆಯು ಸಂಜೆ ೪.೦೫ಕ್ಕೆ ಮುಕ್ತಾಯವಾಯಿತು.'

"ಅಂಕಿ ಮೇಷ್ಟ್ರು," ಎಂದಳು.

"ನಾಲ್ಕು ಗಂಟೆ ಐದು ನಿಮಿಷಕ್ಕೆ?"

"ಹೌದು ಸಾರ್."

"ಮೂರೂವರೆ ಒಳಗೇ ಅವರ ಪ್ರಾಣ ಹೋಗಿತ್ತು ಅಂತಾರೆ ಡಾಕ್ಟರು. ಸತ್ತು ಅರ್ಧ ಗಂಟೆ ಆದ್ಮೇಲೆ ಎದ್ದು ಬಂದು ಎಲ್ರಿಗೂ ವಂದನೆ ಹೇಳಿ ಹೋದ್ರಾ? ಬಹಳ ಮರ್ಯಾದಸ್ಥರು ಬಿಡಿ."

ಅವರ ಮಾತಿನಲ್ಲಿ ತಮಾಷೆಯಿತ್ತು, ಕಣ್ಣಿನಲ್ಲಿ ಇರಲಿಲ್ಲ.

ಗುರುವಾರ ಸಂಜೆ ಐದೂ ಹತ್ತಕ್ಕೆ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ, ಹಳಿಗಳ ಮೇಲೆ ಸರಿಯುವ ಎರಡು ಕಬ್ಬಿಣದ ಕಪಾಟುಗಳ ನಡುವೆ, ಅಂಕಿ ಮೇಷ್ಟ್ರ ಶವ ಸಿಕ್ಕಿತ್ತು. ಆ ಕಪಾಟುಗಳನ್ನು ಸರಿಸಲು ಒಂದೇ ದಾರಿ; ಹೊರತುದಿಯಲ್ಲಿರುವ ದೊಡ್ಡ ಹಿಡಿಯನ್ನು ಗಿರಗಿರ ತಿರುಗಿಸಬೇಕು. ಒಳಗೆ ಸಿಕ್ಕಿಕೊಂಡವನ ಕೈ ಅದಕ್ಕೆ ಎಟುಕುವುದಿಲ್ಲ. ಅಂದ ಮೇಲೆ ತಿರುಗಿಸಿದವರು ಬೇರೆ ಯಾರೋ. ತಿರುಗಿಸಿ, ಬಾಗಿಲಿಗೆ ಬೀಗ ಹಾಕಿ, ಬೀಗದಕೈಯನ್ನು ತಂದು ಸಂಯೋಜಕಿಯ ಮೇಜಿನ ಡ್ರಾಯರಿನಲ್ಲಿ ಅದರ ಜಾಗದಲ್ಲೇ ಇಟ್ಟುಹೋಗಿದ್ದರು.

"ಐದು ಗಂಟೆಗೆ ಬರ್ತೀನಿ," ಎಂದು ಇನ್ಸ್‌ಪೆಕ್ಟರ್ ಎದ್ದರು. "ಅಷ್ಟರೊಳಗೆ ನೆನಪು ಮಾಡ್ಕೊಳ್ಳಿ. ನಡಾವಳಿ ಇಲ್ಲೇ ಇರ್ಲಿ, ನನ್ನ ಹತ್ರ ನಕಲಿದೆ. ಕೆಳಗೆ ನಂಗೆ ಸ್ವಲ್ಪ ಅಳತೆ ಕೆಲಸ ಇದೆ."

ಬೂಟಿನ ಸದ್ದು ನೆಲಮಾಳಿಗೆಯ ಮೆಟ್ಟಿಲಿಳಿದು ಕರಗುವವರೆಗೂ ಅವಳು ಕುರ್ಚಿಯಿಂದ ಅಲ್ಲಾಡಲಿಲ್ಲ.

ಓದುಗರಲ್ಲಿ ಯಾರಾದರೂ ಕಾಲೇಜು ಕಚೇರಿಯಲ್ಲಿ ಕೆಲಸ ಮಾಡಿದವರಿದ್ದರೆ ಇಷ್ಟು ಹೊತ್ತಿಗೆ ಸಂಗತಿಯನ್ನು ಹಿಡಿದಿರುತ್ತಾರೆ. ಉಳಿದವರಿಗೆ ಹೇಳಿಬಿಡುವುದೇ ಒಳ್ಳೆಯದು. ಗುರುವಾರ ಮೂರು ಗಂಟೆಗೆ ಪರೀಕ್ಷಾ ಮಂಡಳಿಯ ಸಭೆ ನಡೆಯಲೇ ಇಲ್ಲ.

ಆ ವಿಭಾಗದಲ್ಲಿ ಹನ್ನೊಂದು ವರ್ಷಗಳಿಂದ ಸಭೆಗಳು ನಡೆಯುತ್ತಿದ್ದುದು ಹಾಗೆಯೇ. ಬೆಳಿಗ್ಗೆ ಸಂಯೋಜಕಿ ನಡಾವಳಿ ಬರೆಯುತ್ತಾಳೆ. ಯಾರು ಹಾಜರಿದ್ದರು, ಯಾರು ಏನು ಮಂಡಿಸಿದರು, ಯಾರು ಅನುಮೋದಿಸಿದರು, ಎಲ್ಲವೂ ಅವಳ ತಲೆಯಿಂದಲೇ ಹುಟ್ಟಬೇಕು. ಕೊನೆಯ ಹಾಳೆಗೆ ಒಬ್ಬೊಬ್ಬರೂ ತಮ್ಮ ಪಾಠದ ನಡುವೆ ಬಂದು ಸಹಿ ಜಡಿದು ಹೋಗುತ್ತಾರೆ. ಸಭೆ ಸೇರುವುದು ಹೆಸರಿಗೆ ಮಾತ್ರ. ಎಲ್ಲರಿಗೂ ಅನುಕೂಲ, ಯಾರಿಗೂ ತಲೆನೋವಿಲ್ಲ. ವಂದನಾರ್ಪಣೆಗೆ ಒಬ್ಬರೇ ಮತ್ತೆ ಮತ್ತೆ ಬರಬಾರದೆಂದು ಅವಳು ಸರದಿಯ ಪಟ್ಟಿಯನ್ನೂ ಇಟ್ಟಿದ್ದಳು. ಅಷ್ಟು ಅಚ್ಚುಕಟ್ಟು!

ಈ ಸಲದ ಸರದಿ ಅಂಕಿ ಮೇಷ್ಟ್ರದ್ದು. ಗುರುವಾರ ಹನ್ನೊಂದು ಗಂಟೆಗೆ ಬಂದು ಸಹಿ ಹಾಕುತ್ತಾ, "ಇವತ್ತು ನಾನು ವಂದನೆ ಚೆನ್ನಾಗಿ ಹೇಳಿದ್ನಾಮ್ಮ?" ಎಂದು ನಕ್ಕಿದ್ದರು. "ಅದ್ಭುತವಾಗಿ ಹೇಳಿದ್ರಿ ಸಾರ್, ಎಲ್ರೂ ಚಪ್ಪಾಳೆ ತಟ್ಟಿದ್ರು," ಎಂದು ಇವಳೂ ನಕ್ಕಿದ್ದಳು. ಆಮೇಲೆ ಅವರು ದಾಖಲೆ ಕೋಣೆಯ ಬೀಗದಕೈ ಕೇಳಿದ್ದರು.

"ಎರಡು ವರ್ಷದ ಹಿಂದಿನ ಉತ್ತರಪತ್ರಿಕೆ ಕಟ್ಟು ನೋಡ್ಬೇಕಿತ್ತು. ಒಂದೇ ಪರೀಕ್ಷೇಲಿ ಹದಿನೇಳು ಜನಕ್ಕೆ ಪಾಸಿಗೆ ಬೇಕಾದ ಸರಿಯಾಗಿ ಐವತ್ತೇ ಅಂಕ. ನಲ್ವತ್ತೊಂಬತ್ತು ಒಬ್ಬರಿಗೂ ಇಲ್ಲ, ನಲ್ವತ್ತೆಂಟೂ ಇಲ್ಲ. ಹಾಗೆ ಬರಲ್ಲಮ್ಮ, ಎಲ್ಲೂ ಬರಲ್ಲ."

ಊಟಕ್ಕೆ ಮೊದಲು ಬೀಗದಕೈಯನ್ನು ತಂದುಕೊಟ್ಟಿದ್ದರು. ಆಗ ಮುಖದಲ್ಲಿ ನಗುವಿರಲಿಲ್ಲ. "ಮತ್ತೆ ಬರ್ತೀನಿ, ಇನ್ನೊಂದು ಕಟ್ಟು ಬಾಕಿ ಇದೆ" ಎಂದಷ್ಟೇ ಹೇಳಿದ್ದರು.

ಶುಕ್ರವಾರ ಪೊಲೀಸರು ಬಂದು ಮೂರು ಗಂಟೆಗೆ ಯಾರು ಯಾರು ಎಲ್ಲಿದ್ದಿರಿ ಎಂದು ಕೇಳಿದಾಗ ವಿಭಾಗದ ಮುಖ್ಯಸ್ಥರು ಎಲ್ಲರ ಪರವಾಗಿ, "ಸಭೆಯಲ್ಲಿದ್ವಿ" ಎಂದರು. ಪರೀಕ್ಷಾಧಿಕಾರಿ ಮೇಡಂ ಹೂಂ ಎಂದರು. ಕಿರಿಯ ಉಪನ್ಯಾಸಕರಿಬ್ಬರೂ ಹೂಂ ಎಂದರು. ಸಂಯೋಜಕಿಯೂ ತಲೆಯಾಡಿಸಿದಳು. ಆ ತಲೆಯಾಡಿಸಿದ್ದೇ ಈಗ ಕುತ್ತಿಗೆಗೆ ಬಂದಿತ್ತು.

ಕಿಟಕಿಯ ಹೊರಗೆ ಇಬ್ಬರು ಹುಡುಗಿಯರು ನಿಂತಿದ್ದರು, ಕೊನೆಯ ವರ್ಷದವರು.

"ಅಕ್ಕಾ, ನಾಳೆ ಎರಡನೇ ಅವಧಿ ಯಾರು ತಗೊಳ್ತಾರೆ? ವೇಳಾಪಟ್ಟಿಯಲ್ಲಿ ಇನ್ನೂ ಅಂಕಿ ಮೇಷ್ಟ್ರ ಹೆಸರೇ ಇದೆ."

ವಿದ್ಯಾರ್ಥಿಗಳ ಬಾಯಲ್ಲಿ ಅವಳು ವೇಳಾಪಟ್ಟಿ ಅಕ್ಕ. ಯಾವ ಕೋಣೆ, ಯಾರ ಪಾಠ, ಯಾರಿಗೆ ಹಾಜರಾತಿ ಕಡಿಮೆ, ಎಲ್ಲಕ್ಕೂ ಅವಳ ಕಿಟಕಿಯೇ ಗತಿ. ವಾರಕ್ಕೆ ನಾಲ್ಕು ಅವಧಿ ಮೇಷ್ಟ್ರ ಹೆಸರಿನಲ್ಲಿತ್ತು. ಅಳಿಸಲು ಮೂರು ದಿನದಿಂದ ಅವಳಿಗೆ ಕೈ ಬಂದಿರಲಿಲ್ಲ.

"ನಾಳೆ ಆ ಅವಧಿ ಇಲ್ಲ ಕಣ್ರಮ್ಮ. ಲೈಬ್ರರಿಗೆ ಹೋಗಿ."

ಹುಡುಗಿಯರು ಹೋದ ಮೇಲೆ ಅವಳು ನಡಾವಳಿಯನ್ನು ಮೊದಲಿನಿಂದ ಓದಲು ಕೂತಳು. ಸುಮ್ಮನೆ, ಕೈಗೆ ಏನಾದರೂ ಕೆಲಸ ಬೇಕಿತ್ತು.

ಮೊದಲನೇ ಹಾಳೆ ಸರಿಯಾಗಿತ್ತು. ಎರಡನೇ ಹಾಳೆಯ ಕೊನೆಯಲ್ಲಿ ಕಣ್ಣು ನಿಂತಿತು.

'೬. ನೆಲಮಾಳಿಗೆಯಲ್ಲಿರುವ ಹಿಂದಿನ ಮೂರು ವರ್ಷಗಳ ಉತ್ತರಪತ್ರಿಕೆಗಳನ್ನು ಕೂಡಲೇ ನಾಶಪಡಿಸಲು ನಿರ್ಣಯಿಸಲಾಯಿತು.'

ಅವಳು ಬರೆದದ್ದು ಐದೇ ತೀರ್ಮಾನ. ಆರನೆಯದು ಎಲ್ಲಿಂದ ಬಂತು?

ಅದಕ್ಕಿಂತ ಹೆಚ್ಚಾಗಿ, ಆ ಕೊನೆಯ ಪದ. ಹನ್ನೊಂದು ವರ್ಷದಲ್ಲಿ ಅವಳು 'ನಿರ್ಣಯಿಸಲಾಯಿತು' ಎಂದು ಒಮ್ಮೆಯೂ ಬರೆದವಳಲ್ಲ. ಅವಳದು ಯಾವಾಗಲೂ 'ತೀರ್ಮಾನಿಸಲಾಯಿತು'. ಮೊದಲ ಐದೂ ಹಾಗೇ ಇದ್ದವು. ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಆರನೆಯದೊಂದೇ ಹಲ್ಲಿಗೆ ಸಿಗುತ್ತಿತ್ತು.

ಸಹಿ ಇರುವುದು ಮೂರನೇ ಹಾಳೆಯಲ್ಲಿ ಮಾತ್ರ. ಮಧ್ಯದ ಹಾಳೆಯನ್ನು ತೆಗೆದು ಬೇರೊಂದನ್ನು ಸೇರಿಸಿದರೆ ದೇವರಿಗೂ ಗೊತ್ತಾಗುವುದಿಲ್ಲ.

ಕಂಪ್ಯೂಟರಿನಲ್ಲಿ ಕಡತವನ್ನು ತೆರೆದಳು. ಅಲ್ಲಿಯೂ ಆರು! ಕೊನೆಯ ಬಾರಿ ಉಳಿಸಿದ್ದು ಗುರುವಾರ, ಸಂಜೆ ೪.೨೦. ಆ ಹೊತ್ತಿಗೆ ಅವಳು ಚಹಾ ಕುಡಿಯಲು ಹೋಗಿದ್ದಳು. ಅವಳ ಪಾಸ್‌ವರ್ಡನ್ನು ಬರೆದ ಚೀಟಿ ಕೀಬೋರ್ಡಿನ ಕೆಳಗೆ ಅಂಟಿರುವುದು ವಿಭಾಗಕ್ಕೆಲ್ಲ ಗೊತ್ತು.

ಯಾರೋ ಇದೇ ಕುರ್ಚಿಯಲ್ಲಿ ಕೂತು ಆ ಸಾಲನ್ನು ಟೈಪು ಮಾಡಿದ್ದರು. ಕೆಳಗಿನ ಕೋಣೆಯಲ್ಲಿ ಮೇಷ್ಟ್ರ ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಕ್ಕಿಲ್ಲ.

ಸಂಯೋಜಕಿ ತಟ್ಟನೆ ಕುರ್ಚಿಯಿಂದ ಎದ್ದು ನಿಂತಳು. ಆಮೇಲೆ ತನ್ನ ಹೆದರಿಕೆಗೆ ತಾನೇ ನಾಚಿಕೊಂಡು ಗೋಡೆಯ ಫಲಕದ ಹತ್ತಿರ ಹೋದಳು. ಪರೀಕ್ಷಾಧಿಕಾರಿ ಮೇಡಂ ಹೊರಡಿಸಿದ ಸುತ್ತೋಲೆಗಳು ಅಲ್ಲಿ ತೂಗುತ್ತಿದ್ದವು. ಪರೀಕ್ಷೆಯನ್ನು ಮುಂದೂಡಲು ನಿರ್ಣಯಿಸಲಾಗಿದೆ. ಕೊಠಡಿ ಬದಲಿಸಲು ನಿರ್ಣಯಿಸಲಾಗಿದೆ. ಮೊಬೈಲು ನಿಷೇಧಿಸಲು ನಿರ್ಣಯಿಸಲಾಗಿದೆ.

ಅಂಕ ಏರಿಸುವ ಅಧಿಕಾರವೂ ಅವರ ಕೈಯಲ್ಲೇ ಇತ್ತು.

ವಿಭಾಗದ ಮುಖ್ಯಸ್ಥರು ಯಾರದೋ ಪ್ರಬಂಧದಲ್ಲಿ ಕೆಂಪು ಗೆರೆ ಎಳೆಯುತ್ತಿದ್ದರು. ಅರವತ್ತಕ್ಕೆ ಒಂದು ವರ್ಷ ಬಾಕಿ. ಬಿಳಿ ಕೂದಲು, ಇಸ್ತ್ರಿ ಮುರಿಯದ ಅಂಗಿ, ಬೆಣ್ಣೆಯಂಥ ಮಾತು. ಅವರ ಕೋಣೆಗೆ ಅಳುತ್ತಾ ಹೋದ ವಿದ್ಯಾರ್ಥಿಗಳು ನಗುತ್ತಾ ಬರುತ್ತಾರೆ ಎಂಬ ಮಾತಿತ್ತು. ಕೇಳಿದ್ದು ಸಿಕ್ಕಿರುವುದಿಲ್ಲ, ಆದರೂ ನಗುತ್ತಾ ಬರುತ್ತಾರೆ.

"ಬಾಮ್ಮ, ಕೂತ್ಕೋ."

ಅವಳು ಕೂರಲಿಲ್ಲ. "ಸಾರ್, ಗುರುವಾರದ ನಡಾವಳೀಲಿ ಆರನೇದು ನಾನು ಬರ್ದಿದ್ದಲ್ಲ."

"ಹೌದಾ?" ಕೆಂಪು ಪೆನ್ನು ನಿಲ್ಲಲಿಲ್ಲ. "ಬರ್ದು ಮರ್ತಿರಬಹುದು."

"ಎರಡೂವರೆಗೆ ಫೈಲು ನಿಮ್ಮ ಟ್ರೇಲಿ ಇಟ್ಟೆ. ಅದಾದ್ಮೇಲೆ ಹಾಳೆ ಬದಲಾಗಿದೆ. ಪರೀಕ್ಷಾಧಿಕಾರಿ ಮೇಡಂ..."

"ಯಾರ ಹೆಸರೂ ಎತ್ಬೇಡ." ಈಗ ಪೆನ್ನು ನಿಂತಿತು. "ಆಡಿದ ಮಾತನ್ನ ವಾಪಸ್ ತಗೊಳ್ಳೋಕಾಗಲ್ಲ. ನಿಂಗೇನು ಬೇಕು ಈಗ?"

"ಇನ್ಸ್‌ಪೆಕ್ಟರಿಗೆ ನಿಜ ಹೇಳ್ತೀನಿ ಸಾರ್. ಸಭೆ ನಡೀಲೇ ಇಲ್ಲ ಅಂತ."

ಮುಖ್ಯಸ್ಥರು ಕನ್ನಡಕ ತೆಗೆದು, ಕರವಸ್ತ್ರದಿಂದ ಒರೆಸಿ, ಮತ್ತೆ ಹಾಕಿಕೊಂಡರು. ಯಾವ ಅವಸರವೂ ಇರಲಿಲ್ಲ.

"ನೀನು ನನ್ನ ಮಗಳ ಹಾಗೆ. ಅದಕ್ಕೇ ಬಿಡಿಸಿ ಹೇಳ್ತೀನಿ, ಕೇಳು. ಸಭೆ ನಡೀಲಿಲ್ಲ ಅಂದ್ರೆ ಹನ್ನೊಂದು ವರ್ಷದ ನಡಾವಳಿ ಎಲ್ಲಾ ಸುಳ್ಳು ಅಂತ ಆಗುತ್ತೆ. ಆ ಸಭೆಗಳಲ್ಲಿ ಪಾಸಾದ ಮಕ್ಕಳು ಎಷ್ಟು ಸಾವಿರ? ಅವರ ಸರ್ಟಿಫಿಕೇಟಿಗೆಲ್ಲ ಏನು ಬೆಲೆ? ಅದನ್ನೆಲ್ಲಾ ಬರ್ದ ಕೈ ಯಾವ್ದು?"

"ನೀವೇ ಹೇಳಿದ್ರಿ ಸಾರ್ ಹಾಗೆ ಬರಿ ಅಂತ. ನಾನು ಸೇರಿದ ಮೊದಲನೇ ವಾರ."

"ಹೇಳಿದ್ದೆ. ಬರೆದುಕೊಟ್ಟಿದ್ನಾ?"

ಅವಳು ಬಾಗಿಲ ಕಡೆ ತಿರುಗಿದಳು.

"ಇನ್ನೊಂದು," ಎಂದರು ಮುಖ್ಯಸ್ಥರು, ಇನ್ನೂ ಮೆತ್ತಗೆ. "ಸಭೆ ಇತ್ತು ಅಂದ್ರೆ ನೀನೂ ಸಭೇಲಿದ್ದೆ. ಇಲ್ಲ ಅಂದ್ರೆ ಮೂರು ಗಂಟೆಗೆ ನೀನೆಲ್ಲಿದ್ದೆ?"

"ಮೂರನೇ ಮಹಡೀಲಿ. ಪರೀಕ್ಷೆಗೆ ಮೇಜಿಗೆಲ್ಲಾ ನಂಬರ್ ಚೀಟಿ ಅಂಟಿಸ್ತಿದ್ದೆ."

"ಯಾರ ಜೊತೆ?"

"...ಒಬ್ಳೇ."

"ಬೀಗದಕೈ ಯಾರ ಡ್ರಾಯರಿನಲ್ಲಿತ್ತು?"

ಮುಖ್ಯಸ್ಥರು ಎದ್ದು ಬಂದು ಕುರ್ಚಿಯನ್ನು ತಾವೇ ಅವಳ ಹಿಂದಕ್ಕೆ ಎಳೆದಿಟ್ಟರು. ಅವಳಿಗೆ ಗೊತ್ತಿಲ್ಲದೆಯೇ ಅವಳು ಕೂತುಬಿಟ್ಟಳು.

"ಆ ಮೂರು ಹಾಳೆ ನಿನ್ನನ್ನೂ ಕಾಪಾಡ್ತಿದೆ ಕಣಮ್ಮ. ಅದನ್ನ ನೀನೇ ಹರಿದು ಹಾಕ್ಬೇಡ. ಮೇಷ್ಟ್ರು ವಂದನೆ ಹೇಳಿದ್ದು ಟೈಪಿಂಗ್ ತಪ್ಪು ಅಂದ್ಬಿಡು. ಮುಗೀತು."

ಹೊರಗೆ ಬಂದಾಗ ಅವಳಿಗೆ ನಿಜವಾಗಿಯೂ ಒಂದು ಕ್ಷಣ ಹಗುರವೆನಿಸಿತು. ಟೈಪಿಂಗ್ ತಪ್ಪು. ಎಷ್ಟು ಸುಲಭ! ಕೊಲೆಯೊಂದನ್ನು ಹಾಗೆ ಅಳಿಸಿಬಿಡಬಹುದು. ಆಮೇಲೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಕಾರಿಡಾರಿನ ಕೊನೆಗೆ ಹೋಗಿ ಗಂಡನಿಗೆ ಫೋನು ಮಾಡಿದಳು. ಅವನದು ಕನ್ನಡಕದ ಅಂಗಡಿ. ಯಾರಿಗೋ ಅಕ್ಷರದ ಫಲಕ ಓದಿಸುತ್ತಿದ್ದವನು, "ಒಂದ್ನಿಮಿಷ ಅಜ್ಜಿ," ಎಂದು ಈಚೆ ಬಂದ. ಅವಳು ಪೂರ್ತಿ ಹೇಳಿದಳು. ಅವನು ನಡುವೆ ಬಾಯಿ ಹಾಕಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅದು ಎರಡನೇ ಸಲ ಇರಬೇಕು.

"ಈಗ ನೀನು ಏನ್ಮಾಡ್ಬೇಕು ಅಂತಿದೀಯ?"

"ಹೇಳಿದ್ರೆ ಕೆಲಸ ಹೋಗುತ್ತೆ ರೀ. ಕೆಲಸ ಅಷ್ಟೇ ಅಲ್ಲ, ನನ್ನ ಮೇಲೇ ಬರುತ್ತೇನೋ."

"ಹೇಳದಿದ್ರೆ?"

"ಹೇಳದಿದ್ರೆ... ನಾಳೆಯಿಂದ ಅವರ ಜೊತೆನೇ ಕೂತು ಚಹಾ ಕುಡೀಬೇಕು. ಯಾರು ಆ ಹಿಡಿ ತಿರುಗಿಸಿದ್ರೋ ಅವರ ಜೊತೆ."

ಅಜ್ಜಿಗೆ ಇನ್ನೊಂದು ನಿಮಿಷ ಕೂರಲು ಅವನು ಹೇಳಿದ್ದು ಕೇಳಿಸಿತು.

"ಹೇಳ್ಬಿಡೇ. ಕೆಲಸ ಹೋದ್ರೆ ಅಂಗಡೀಲಿ ಕೂತ್ಕೋ. ನನ್ನ ಬಿಲ್ ಪುಸ್ತಕ ನೋಡಿದ್ರೆ ನೀನು ಎರಡು ದಿನ ಅಳ್ತೀಯ."

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮೂಗು ಒರೆಸಿಕೊಂಡು ಕಚೇರಿಗೆ ವಾಪಸಾದಳು.

ಐದಕ್ಕೆ ಸರಿಯಾಗಿ ಇನ್ಸ್‌ಪೆಕ್ಟರ್ ಬಂದರು. ಪ್ಯಾಂಟಿನ ಮಂಡಿಗೆ ನೆಲಮಾಳಿಗೆಯ ಧೂಳು ಮೆತ್ತಿತ್ತು. ಹಿಂದೆ ಒಬ್ಬ ಮಹಿಳಾ ಪೇದೆ. ಬೆಳಿಗ್ಗೆ ಆಕೆ ಬಂದಿರಲಿಲ್ಲ.

"ನೆನಪಾಯ್ತಾ ಮೇಡಂ?"

"ಆಯ್ತು ಸಾರ್." ಉಸಿರೆಳೆದುಕೊಂಡಳು. "ಗುರುವಾರ ಸಭೆ ನಡೀಲಿಲ್ಲ. ನಡಾವಳಿ ನಾನು ಬೆಳಿಗ್ಗೆನೇ ಬರ್ದಿದ್ದು. ಅಂಕಿ ಮೇಷ್ಟ್ರೂ ಬೆಳಿಗ್ಗೆನೇ ಸಹಿ ಹಾಕಿದ್ರು. ಮೂರು ಗಂಟೆಗೆ ನಾನು ಸಭೇಲಿರ್ಲಿಲ್ಲ, ಮೂರನೇ ಮಹಡೀಲಿದ್ದೆ. ಉಳಿದವರು ಎಲ್ಲಿದ್ರೋ ನಂಗೊತ್ತಿಲ್ಲ. ಶುಕ್ರವಾರ ತಲೆ ಆಡ್ಸಿದ್ದು ತಪ್ಪಾಯ್ತು."

ಹೇಳಿ ಮುಗಿಸಿದಾಗ ಎದೆಯ ಮೇಲಿನ ಚಪ್ಪಡಿ ಸರಿದಂತಾಯಿತು. ಇನ್ಸ್‌ಪೆಕ್ಟರ್ ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡರು. ಬರೆದು, ಓದಿ, ಅವಳ ಕಡೆಗೆ ತಿರುಗಿಸಿದರು.

"ಸಹಿ ಮಾಡಿ."

ಮಾಡಿದಳು. ಈ ಸಲ ನಡೆದದ್ದರ ಕೆಳಗೇ ಮಾಡಿದಳು.

ಇನ್ಸ್‌ಪೆಕ್ಟರ್ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದರು. ವಿಭಾಗದ ತಲೆಬರಹವಿದ್ದ ಹಾಳೆ.

"ಇದು ಇವತ್ತು ಮಧ್ಯಾಹ್ನ ನನ್ನ ಕೈಗೆ ಬಂತು. ನಿಮ್ಮ ಮುಖ್ಯಸ್ಥರು, ಪರೀಕ್ಷಾಧಿಕಾರಿ, ಆ ಇಬ್ಬರು ಉಪನ್ಯಾಸಕರು, ನಾಲ್ಕೂ ಜನ ಸಹಿ ಹಾಕಿದಾರೆ. ಓದ್ಲಾ?"

ಉತ್ತರಕ್ಕೆ ಕಾಯದೆ ಕಾಗದವನ್ನು ಬಿಡಿಸಿದರು.

"'ಸಭೆಯು ಮೂರಕ್ಕೆ ಆರಂಭವಾಯಿತು. ಮೂರೂ ಹತ್ತಕ್ಕೆ ಸಂಯೋಜಕಿಯವರು ಹಳೆಯ ಉತ್ತರಪತ್ರಿಕೆಗಳನ್ನು ತೋರಿಸುವುದಾಗಿ ಹೇಳಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರನ್ನು ನೆಲಮಾಳಿಗೆಗೆ ಕರೆದೊಯ್ದರು. ಇಬ್ಬರೂ ಸಭೆಗೆ ಹಿಂತಿರುಗಲಿಲ್ಲ. ಸಹೋದ್ಯೋಗಿಯ ಮೇಲಿನ ಮರುಕದಿಂದ ಈವರೆಗೆ ಸುಮ್ಮನಿದ್ದುದಕ್ಕೆ ವಿಷಾದಿಸುತ್ತೇವೆ.'"

"ಸುಳ್ಳು!"

"ಇರ್ಬಹುದು. ಆದ್ರೆ ನೀವು ಸಭೇಲಿರ್ಲಿಲ್ಲ ಅಂತ ಈಗ ತಾನೇ ನೀವೇ ಸಹಿ ಮಾಡಿದ್ರಿ. ಬೀಗದಕೈ ನಿಮ್ಮದು. ಕಂಪ್ಯೂಟರ್ ನಿಮ್ಮದು, ಕಡತ ಉಳಿಸಿದ್ದು ನಾಲ್ಕೂ ಇಪ್ಪತ್ತಕ್ಕೆ, ನಮ್ಮವರು ಶನಿವಾರವೇ ನೋಡಿದಾರೆ. ಸತ್ತವರು ಬದುಕಿದ್ರು ಅಂತ ತೋರಿಸೋಕೆ ವಂದನಾರ್ಪಣೆ ಬರ್ದಿದ್ದು ಯಾರು ಅಂತ ನಾನು ಕೇಳಿದ್ರೆ ಯಾರ ಹೆಸರು ಹೇಳ್ತೀರಿ?"

ಮಹಿಳಾ ಪೇದೆ ಒಂದು ಹೆಜ್ಜೆ ಮುಂದೆ ಬಂದಳು.

ಸಂಯೋಜಕಿಗೆ ಈಗ ಅರ್ಥವಾಯಿತು. ಮುಖ್ಯಸ್ಥರು ಅವಳ ಬಾಯಿಗೆ ಬೀಗ ಹಾಕಲು ಹೆದರಿಸಿದ್ದಲ್ಲ. ಅವಳು ಎಂಥವಳು ಎಂಬುದು ಅವರಿಗೆ ಗೊತ್ತಿತ್ತು, ನಿಜ ಹೇಳಿಯೇ ಹೇಳುತ್ತಾಳೆ ಎಂಬುದೂ ಗೊತ್ತಿತ್ತು. ಅವಳು ಮಹಡಿಯಲ್ಲಿ ಒಬ್ಬಳೇ ಇದ್ದದ್ದು ಹೌದೋ ಅಲ್ಲವೋ ಎಂದು ಅವಳ ಬಾಯಿಂದಲೇ ಕೇಳಿ ತಿಳಿದುಕೊಂಡರು, ಅಷ್ಟೇ. ಅವಳು ತಾನಾಗಿಯೇ ಹೋಗಿ ಅದನ್ನು ಅವರ ಕೈಗೆ ಕೊಟ್ಟು ಬಂದಿದ್ದಳು.

ಎದುರಿಗಿದ್ದ ಕಾಗದವನ್ನು ನೋಡಿದಳು. ನಾಲ್ಕು ಸಹಿ. ಇವತ್ತಿನ ತಾರೀಖು. ಮೇಲೆ ಎಡಮೂಲೆಯಲ್ಲಿ ರವಾನೆ ಸಂಖ್ಯೆ.

ರವಾನೆ ಸಂಖ್ಯೆ ೪೧೨.

ವಿಭಾಗದಿಂದ ಹೊರಗೆ ಹೋಗುವ ಪ್ರತಿ ಪತ್ರಕ್ಕೂ ಕ್ರಮವಾಗಿ ಒಂದು ನಂಬರು. ಅದನ್ನು ಕೊಡುವವಳು ಅವಳೇ, ರಿಜಿಸ್ಟರಿನಲ್ಲಿ ಬರೆಯುವವಳೂ ಅವಳೇ. ಇವತ್ತು ಬೆಳಿಗ್ಗೆ ಕೊಟ್ಟದ್ದು ೪೩೧. ಗುರುವಾರದ ನಡಾವಳಿಗೆ ಕೊಟ್ಟದ್ದು ೪೧೩. ಅದಕ್ಕೆ ಮುಂಚಿನದು ಇದು.

ಅವಳಿಗೆ ನೆನಪಾಯಿತು. ಮುಖ್ಯಸ್ಥರದು ವಿಚಿತ್ರ ಅಭ್ಯಾಸ, ನಂಬರು ಸಿಗದೆ ಅವರ ಪೆನ್ನು ಓಡುವುದಿಲ್ಲ. ಗುರುವಾರ ಬೆಳಿಗ್ಗೆಯೂ ಫೋನು ಮಾಡಿದ್ದರು. "ಒಂದು ನಂಬರ್ ಕೊಡಮ್ಮ, ಒಂದು ಮುಖ್ಯವಾದ ಪತ್ರ ಬರೀಬೇಕು. ವಿಷಯದ ಕಾಲಮ್ ಖಾಲಿ ಬಿಡು, ಆಮೇಲೆ ಹೇಳ್ತೀನಿ." ಅವಳು ನಾನೂರ ಹನ್ನೆರಡು ಎಂದು ಹೇಳಿ ಫೋನಿಟ್ಟಾಗ ಎದುರಿಗೆ ಅಂಕಿ ಮೇಷ್ಟ್ರು ನಿಂತು ಸಹಿ ಹಾಕುತ್ತಿದ್ದರು.

"ಸಾರ್," ಎಂದಳು. "ಆ ನಂಬರ್ ನೋಡಿ. ಈ ಪತ್ರಕ್ಕೆ ನಂಬರ್ ತಗೊಂಡಾಗ ಅಂಕಿ ಮೇಷ್ಟ್ರು ಇನ್ನೂ ಸತ್ತಿರ್ಲಿಲ್ಲ."

ಇನ್ಸ್‌ಪೆಕ್ಟರ್ ಕಾಗದವನ್ನು ಹತ್ತಿರ ಹಿಡಿದು ನೋಡಿದರು. ಪೆನ್ಸಿಲು ಕಿವಿಯ ಹಿಂದಿನಿಂದ ಇಳಿದು ಬಂತು.

"ಏನ್ ಸಾಕ್ಷಿ ಇದಕ್ಕೆ?"

"ರಿಜಿಸ್ಟರ್ ಇದೆ ಸಾರ್. ಗುರುವಾರದ ತಾರೀಖಿನ ಎದುರಿಗೇ ಬರ್ದಿದೀನಿ, ನನ್ನ ಕೈಯಲ್ಲೇ."

"ಆ ರಿಜಿಸ್ಟರಾ?"

ಬಾಗಿಲಲ್ಲಿ ವಿಭಾಗದ ಮುಖ್ಯಸ್ಥರು ನಿಂತಿದ್ದರು. ಯಾವಾಗ ಬಂದರೋ ಯಾರಿಗೂ ಕೇಳಿಸಿರಲಿಲ್ಲ. ಮುಖದಲ್ಲಿ ಎಂದಿನ ಅದೇ ವಾತ್ಸಲ್ಯ.

"ಹಾಳೆ ಎಲ್ಲಾ ಹರಿದುಹೋಗಿತ್ತಲ್ಲಮ್ಮ. ಪರೀಕ್ಷಾಧಿಕಾರಿ ಮೇಡಂ ಶನಿವಾರದಿಂದ ಕೂತು ಹೊಸ ರಿಜಿಸ್ಟರ್ ಮಾಡಿ, ಹಳೇದರಲ್ಲಿದ್ದದ್ದನ್ನೆಲ್ಲಾ ಅದಕ್ಕೆ ಇಳಿಸಿಟ್ಟಿದಾರೆ. ಹಳೇದು ರದ್ದಿಗೆ ಹೋಯ್ತು, ಹೊಸದನ್ನ ನೀನು ನನ್ನ ಕೋಣೇಲಿದ್ದಾಗ ನಿನ್ನ ಮೇಜಿನ ಮೇಲೇ ಇಟ್ಟಿದಾರೆ ನೋಡು."